ಮೂರನೆಯ ರಂಧ್ರದ ಅರ್ಥ

ಕಳೆದ ಆಷಾಢದ ಒಂದು ಮಧ್ಯಾಹ್ನ. ಮೂರು ದಿನಗಳಿಂದ ಮಳೆ ಬಿಡದೆ ಸುರಿಯುತ್ತಿತ್ತು. ನವುಲೆಯ ನಮ್ಮ ಹಳೆಯ ಮನೆಯ ಅಡುಗೆಮನೆಯಿಂದ ಒಂದು ಚೀತ್ಕಾರ ಕೇಳಿಸಿತು. ವಾರದ ಕೊನೆಗೆಂದು ಬಂದಿದ್ದ ಏಳು ವರ್ಷದ ಮೊಮ್ಮಗಳು ಅಂಗಳದ ಕೆಸರಿನಲ್ಲಿ ಆಡಿ, ಕಾಲು ತೊಳೆದುಕೊಂಡು ಒಳಬಂದು, ಒದ್ದೆಗೈಯಲ್ಲೇ ಫ್ರಿಜ್ಜಿನ ಬಾಗಿಲಿಗೆ ಕೈಹಾಕಿದ್ದಳು. ನಾನು ಓಡಿ ಹೋಗುವಷ್ಟರಲ್ಲಿ ಯಾರೋ ಹಿಂದಕ್ಕೆ ತಳ್ಳಿದಂತೆ ನೆಲದ ಮೇಲೆ ಕುಳಿತು ಅಳುತ್ತಿದ್ದಳು. ಬೆರಳುಗಳಿಗೆ ಜೋಮು ಹಿಡಿದದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಅರ್ಧ ಗಂಟೆಯಲ್ಲಿ ಬೆಲ್ಲದ ತುಂಡೊಂದನ್ನು ಬಾಯಿಗೆ ಹಾಕಿಕೊಂಡು ಮತ್ತೆ ಜಗಲಿಗೆ ಓಡಿದಳು. ನನಗೆ ಮಾತ್ರ ಆ ರಾತ್ರಿ ನಿದ್ರೆ ಬರಲಿಲ್ಲ.

ನಿದ್ರೆ ಕೆಡಿಸಿದ್ದು ಅಮ್ಮನ ಮಾತು. ಮಗುವನ್ನು ಎತ್ತಿಕೊಳ್ಳುತ್ತ ಆಕೆ ತೀರ ಸಹಜವಾಗಿ, "ಸೆರಗು ಹಿಡ್ಕೊಂಡು ತೆಗೀಬೇಕು ಪುಟ್ಟಿ, ಬರಿಗೈಲಿ ಮುಟ್ಟಬಾರದು" ಎಂದಿದ್ದಳು.

ಎಂಬತ್ತನಾಲ್ಕು ದಾಟಿದ ಅಮ್ಮ ಫ್ರಿಜ್ಜಿನ ಬಾಗಿಲನ್ನು ಸದಾ ಸೆರಗಿನ ತುದಿಯಿಂದ ಹಿಡಿದು ತೆರೆಯುತ್ತಿದ್ದುದನ್ನು ನಾನು ವರ್ಷಗಳಿಂದ ಕಂಡಿದ್ದೆ. ಅದರ ಮುಂದೆ ಒಂದು ಮರದ ಮಣೆ ಇರುತ್ತಿತ್ತು. ಅದರ ಮೇಲೆ ನಿಂತೇ ಬಾಗಿಲು ತೆಗೆಯುವುದು ಆಕೆಯ ಕ್ರಮ. ಇದನ್ನೆಲ್ಲ ನಾನು ಮಡಿಯ ಒಂದು ಅಂಗವೆಂದು ತಿಳಿದಿದ್ದೆ. ಹಿಂದಿನ ದಿನದ ಪದಾರ್ಥವಿರುವ ಪೆಟ್ಟಿಗೆಯನ್ನು ಪೂಜೆಗೆ ಮೊದಲು ಬರಿಗೈಯಲ್ಲಿ ಮುಟ್ಟಬಾರದೆಂಬ ನಿಯಮವನ್ನು ಆಕೆ ತಾನೇ ಮಾಡಿಕೊಂಡಿರಬೇಕು ಎಂದು ವ್ಯಾಖ್ಯಾನಿಸಿ, ಆಧುನಿಕ ಉಪಕರಣವನ್ನು ಹಳೆಯ ಆಚಾರ ತನ್ನೊಳಗೆ ಸೇರಿಸಿಕೊಳ್ಳುವುದಕ್ಕೆ ಉದಾಹರಣೆಯಾಗಿ ಗೆಳೆಯರೆದುರು ಹೇಳಿದ್ದೂ ಉಂಟು. ಆ ದಿನ ಕೇಳಿದೆ: "ಎಷ್ಟು ದಿನದಿಂದ ಹೀಗಮ್ಮಾ?"

"ಮಳೆಗಾಲ ಬಂದ್ರೆ ಜುಂ ಅನ್ನತ್ತೆ ಕಣೋ. ಫ್ರಿಜ್ಜು ಅಂದ್ರೆ ಹಾಗೇ ಇರತ್ತೆ ಅಂದ್ಕೊಂಡಿದ್ದೆ. ನಿಂಗೆ ಗೊತ್ತಿರಲಿಲ್ವಾ?"

ನನಗೆ ಗೊತ್ತಿರಲಿಲ್ಲ. ಹಿಮ್ಮಡಿ ನೋವಿಗೆಂದು ವೈದ್ಯರು ಹೇಳಿದಂದಿನಿಂದ ನಾನೂ ನನ್ನ ಹೆಂಡತಿಯೂ ಮನೆಯೊಳಗೆ ರಬ್ಬರಿನ ಚಪ್ಪಲಿ ಮೆಟ್ಟುತ್ತೇವೆ. ನಮಗೆ ಆ ಜುಮುಗುಡುವಿಕೆ ತಟ್ಟಿರಲೇ ಇಲ್ಲ. ಬರಿಗಾಲಿನಲ್ಲಿ ನಡೆಯುವವಳು ಆಕೆಯೊಬ್ಬಳೇ. ನಲವತ್ತು ವರ್ಷ ಪಠ್ಯಗಳನ್ನು ಓದುವುದು ಹೇಗೆಂದು ಪಾಠ ಹೇಳಿದ ನಾನು, ನನ್ನ ಮನೆಯ ಅಡುಗೆಮನೆಯಲ್ಲಿ ಕಣ್ಣೆದುರಿಗಿದ್ದ ಒಂದು ಎಚ್ಚರಿಕೆಯನ್ನು ಆಚಾರವೆಂದು ಓದಿದ್ದೆ. ಈ ಬರಹಕ್ಕೆ ಕಾರಣ ಆ ತಪ್ಪೋದು. ಹಸ್ತಪ್ರತಿಗಳ ಚರ್ಚೆಯನ್ನು ನಿರೀಕ್ಷಿಸಿ ಬಂದ ಓದುಗರು ಸ್ವಲ್ಪ ತಾಳ್ಮೆ ವಹಿಸಬೇಕು. ಗೋಡೆಯ ಮೇಲಿನ ಪ್ಲಗ್ಗಿನಿಂದ ಆರಂಭವಾದ ವಿಚಾರ ಅಲ್ಲಿಗೂ ಹೋಗಿ ಮುಟ್ಟುತ್ತದೆ.

ನವುಲೆ ಈಗ ಶಿವಮೊಗ್ಗ ನಗರದ ಒಂದು ಭಾಗ. ಸವಳಂಗ ರಸ್ತೆಯಲ್ಲಿ ಬರುವವರಿಗೆ 1980ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜು, ಕೃಷಿ ವಿಶ್ವವಿದ್ಯಾಲಯದ ಆವರಣ, ಕ್ರಿಕೆಟ್ ಮೈದಾನ ಇವೇ ಅದರ ಗುರುತು. ನನ್ನ ಬಾಲ್ಯದ ನವುಲೆ ಕೆರೆ, ಗದ್ದೆ ಮತ್ತು ಹೆಂಚಿನ ಮನೆಗಳ ಒಂದು ಹಳ್ಳಿ. ನಮ್ಮ ತಂದೆ ಅಲ್ಲಿ ಮನೆ ಕಟ್ಟಿಸಿ, ಅದಕ್ಕೆ ವಿದ್ಯುತ್ತನ್ನು ತಂದದ್ದು ಅರುವತ್ತರ ದಶಕದ ನಡುವಿನಲ್ಲಿ.

ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ತಿನ ಚರಿತ್ರೆ ಮನೆಗಳಿಂದ ಆರಂಭವಾಗಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳು ಬೆಳಗಲು 1905ರವರೆಗೆ ಕಾಯಬೇಕಾಯಿತು. ನಮ್ಮ ಜಿಲ್ಲೆಯ ಜೋಗದಲ್ಲಿ ಜಲವಿದ್ಯುದಾಗಾರ ಕೆಲಸ ಆರಂಭಿಸಿದ್ದು 1948ರಲ್ಲಿ. ವಿದ್ಯುತ್ ಮಂಡಲಿ ರಚನೆಯಾದದ್ದು 1957ರಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶಿವಮೊಗ್ಗದಲ್ಲಿ ಇಂದಿಗೂ ಜನ ಎಂ.ಆರ್.ಎಸ್. ಎಂದು ಕರೆಯುವ ವೃತ್ತಕ್ಕೆ ಆ ಹೆಸರು ಬಂದದ್ದು ವಿದ್ಯುತ್ ಸ್ವೀಕರಣಾ ಕೇಂದ್ರದಿಂದ. ಶರಾವತಿ ಕಣಿವೆಯಲ್ಲಿ ಊರುಗಳು ಮುಳುಗಿದ ಕಾಲದಲ್ಲಿಯೇ ನಮ್ಮಂತಹ ಮನೆಗಳಲ್ಲಿ ದೀಪ ಹತ್ತಿತು. ತಂದೆ ಆ ಮಾತನ್ನು ಆಗಾಗ ಹೇಳುತ್ತಿದ್ದರು. ದೀಪವನ್ನು ಅನಗತ್ಯವಾಗಿ ಉರಿಸಲು ಬಿಡುತ್ತಿರಲಿಲ್ಲ.

ಆ ಕಾಲದ ಜೋಡಣೆಯ ವಿಧಾನ ಈಗಿನವರಿಗೆ ಅಪರಿಚಿತ. ಗೋಡೆಯ ಮೇಲೆ ತೇಗದ ಪಟ್ಟಿಗಳನ್ನು ಮೊಳೆ ಹೊಡೆದು ಕೂರಿಸಿ, ಅವುಗಳ ಮೇಲೆ ರಬ್ಬರಿನ ಹೊದಿಕೆಯ ತಂತಿಗಳನ್ನು ತಗಡಿನ ಸಣ್ಣ ಕ್ಲಿಪ್ಪುಗಳಿಂದ ಬಿಗಿಯುತ್ತಿದ್ದರು. ದುಂಡನೆಯ ಮರದ ಬಿಲ್ಲೆಯ ಮೇಲೆ ಕಪ್ಪು ಬೇಕಲೈಟಿನ ಸ್ವಿಚ್ಚು. ಮೀಟರಿನ ಪಕ್ಕದಲ್ಲಿ ಪಿಂಗಾಣಿಯ ಫ್ಯೂಸು. ಓಡುವ ತಂತಿಗಳು ಎರಡೇ. ಒಂದು ವಿದ್ಯುತ್ತನ್ನು ತರುವ ಫೇಸು, ಇನ್ನೊಂದು ಅದನ್ನು ಹಿಂದಿರುಗಿಸುವ ನ್ಯೂಟ್ರಲ್ಲು. ಪ್ಲಗ್ಗಿಗೂ ಎರಡೇ ತೂತು. ನಾಲ್ಕು ಬಲ್ಬು, ಒಂದು ರೇಡಿಯೋ ಇದ್ದ ಮನೆಗೆ ಇಷ್ಟು ಸಾಕಾಗಿತ್ತು. ಲೋಹದ ಮೈಯುಳ್ಳ ಉಪಕರಣ ಮನೆಯಲ್ಲಿ ಇರಲಿಲ್ಲ, ಇಸ್ತ್ರಿಪೆಟ್ಟಿಗೆಯೂ ಕೆಂಡದ್ದೇ.

ಹನ್ನೆರಡು ವರ್ಷಗಳ ಹಿಂದೆ, ನಾನಿನ್ನೂ ಬೇರೆ ಊರಿನಲ್ಲಿ ಅಧ್ಯಾಪಕನಾಗಿದ್ದಾಗ, ಒಂಟಿಯಾಗಿದ್ದ ಅಮ್ಮನಿಗೆ ಒಂದು ಫ್ರಿಜ್ಜು ಕೊಂಡೆ. ಅದರ ಪ್ಲಗ್ಗಿಗೆ ಮೂರು ಕಡ್ಡಿ, ಗೋಡೆಯಲ್ಲಿ ಎರಡು ತೂತು. ಎರಡು ದಿನದ ರಜೆಯಲ್ಲಿ ಬಂದಿದ್ದ ನಾನು ಕೆಲಸದವರೊಬ್ಬರನ್ನು ಕರೆಸಿ, ಮನೆಯ ಹಳೆಯ ಸಾಕೆಟ್ಟುಗಳನ್ನೆಲ್ಲ ತೆಗೆದು ಮೂರು ತೂತಿನ ಹೊಸವನ್ನು ಹಾಕಲು ಹೇಳಿದೆ. ಆ ಯುವಕ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ: "ಅರ್ಥ್ ಎಳೀಬೇಕಾ ಸಾರ್? ಗೋಡೆ ಉದ್ದಕ್ಕೂ ಕೆಲಸ ಆಗತ್ತೆ, ಹೊರಗಡೆ ಗುಂಡಿ ತೋಡ್ಬೇಕಾಗತ್ತೆ." ನಾನು ಕೊಟ್ಟ ಉತ್ತರವೂ ನೆನಪಿದೆ: "ಅದೆಲ್ಲ ಆಮೇಲೆ ನೋಡೋಣ, ಇವತ್ತು ಇಷ್ಟು ಮುಗಿಸಿಬಿಡಿ." ಸಂಜೆಯ ಹೊತ್ತಿಗೆ ಬಿಳಿಯ ಹೊಸ ಸಾಕೆಟ್ಟುಗಳು ಗೋಡೆಯ ಮೇಲೆ ಹೊಳೆಯುತ್ತಿದ್ದವು. ಮನೆ ಸುಧಾರಿಸಿತೆಂಬ ತೃಪ್ತಿಯಿಂದ ರಾತ್ರಿಯ ರೈಲು ಹಿಡಿದೆ. ಆ 'ಆಮೇಲೆ' ಹನ್ನೆರಡು ವರ್ಷ ಬರಲಿಲ್ಲ.

ಮಗುವಿಗೆ ಶಾಕ್ ಹೊಡೆದ ಮರುದಿನ ಬೆಳಿಗ್ಗೆ ಬಂದವರು ವಿದ್ಯುತ್ ಕೆಲಸದಲ್ಲಿಯೇ ತಲೆ ನರೆತ ಹಿರಿಯರು. ಮೇನ್ ಸ್ವಿಚ್ಚನ್ನು ಆರಿಸಿ, ಟೆಸ್ಟರಿನಿಂದ ಎಲ್ಲೆಡೆ ಮುಟ್ಟಿ ನೋಡಿ ಖಚಿತಪಡಿಸಿಕೊಂಡು, ಒಂದೊಂದೇ ಸಾಕೆಟ್ಟಿನ ಮುಚ್ಚಳ ಬಿಚ್ಚಿದರು. ಮೂರನೆಯದನ್ನು ಬಿಚ್ಚಿದ ಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಈ ಮನೇಲಿ ಅರ್ಥೇ ಇಲ್ಲ" ಎಂದರು.

ಬೇರೆ ಸಂದರ್ಭವಾಗಿದ್ದರೆ ನಗುತ್ತಿದ್ದೆ. ನೆಲವನ್ನು ಹೇಳುವ ಆಂಗ್ಲ ಶಬ್ದವೊಂದು ವೈರ್‌ಮನ್ನರ ಬಾಯಲ್ಲಿ ಕನ್ನಡಕ್ಕೆ ಬಂದು, ಶಬ್ದಾರ್ಥಗಳ 'ಅರ್ಥ'ದ ಪಕ್ಕದಲ್ಲಿ ಕುಳಿತುಬಿಟ್ಟಿದೆ. ಪಠ್ಯಪುಸ್ತಕದವರು ಭೂಸಂಪರ್ಕವೆಂದು ಬರೆದರೂ ಕೆಲಸದವರ ಬಾಯಲ್ಲಿ ಅದು ಅರ್ಥ್, ಅರ್ಥಿಂಗ್. ಧ್ವನಿಸಾಮ್ಯ ಆಕಸ್ಮಿಕವೆಂದು ಭಾಷಾಶಾಸ್ತ್ರ ಹೇಳುತ್ತದೆ. ಆದರೆ ಅಂದು ಅವರ ವಾಕ್ಯ ಎರಡು ರೀತಿಯಲ್ಲೂ ನಿಜವಾಗಿತ್ತು.

ಆ ಮೂರನೆಯ ರಂಧ್ರ ಏಕಿದೆ ಎಂಬುದನ್ನು ಅವರು ಅಲ್ಲಿಯೇ ಕುಳಿತು ವಿವರಿಸಿದರು. ನಮ್ಮ ಪ್ಲಗ್ಗುಗಳಲ್ಲಿ ಮೇಲಿನ ಕಡ್ಡಿ ಉಳಿದೆರಡಕ್ಕಿಂತ ದಪ್ಪ ಮತ್ತು ಉದ್ದ. ಚುಚ್ಚುವಾಗ ಅದು ಎಲ್ಲಕ್ಕಿಂತ ಮೊದಲು ಸೇರಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ವಿದ್ಯುತ್ತು ಉಪಕರಣವನ್ನು ಮುಟ್ಟುವ ಮೊದಲೇ ರಕ್ಷಣೆ ಇರಬೇಕೆಂಬುದು ಅದರ ಹಿಂದಿನ ಯೋಚನೆ. ದಿನನಿತ್ಯದ ಕೆಲಸದಲ್ಲಿ ಆ ಕಡ್ಡಿಗೆ ಯಾವ ಪಾತ್ರವೂ ಇಲ್ಲ. ಅದಿಲ್ಲದೆಯೂ ಫ್ರಿಜ್ಜು ತಣ್ಣಗಾಗುತ್ತದೆ, ಮಿಕ್ಸಿ ತಿರುಗುತ್ತದೆ. ಒಳಗಿನ ತಂತಿಯ ಹೊದಿಕೆ ಸವೆದೋ ತೇವ ಸೇರಿಯೋ ವಿದ್ಯುತ್ತು ಉಪಕರಣದ ಲೋಹದ ಮೈಗೆ ಬಂದ ದಿನ ಮಾತ್ರ ಅದರ ಕೆಲಸ: ಆ ವಿದ್ಯುತ್ತಿಗೆ ನೆಲ ಸೇರುವ ದಾರಿಯನ್ನು ತೆರೆದಿಡುವುದು. ಆ ದಾರಿ ಇಲ್ಲದಿದ್ದರೆ ಉಪಕರಣದ ಮೈ ಕಾಯುತ್ತ ಕೂರುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಅದನ್ನು ಮುಟ್ಟಿದವರೇ ಆ ದಾರಿಯಾಗುತ್ತಾರೆ.

"ಫ್ಯೂಸು ಹೋಗಬೇಕಲ್ಲವೇ?" ಎಂದೆ. ಫ್ಯೂಸು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ ಎಂದರು. ಐದು ಆಂಪಿಯರಿನ ಫ್ಯೂಸು ಎಂದರೆ ಐದು ಸಾವಿರ ಮಿಲಿಆಂಪಿಯರು. ಹತ್ತು ಮಿಲಿಆಂಪಿಯರಿನ ಆಸುಪಾಸಿನಲ್ಲಿ ಕೈಯ ಸ್ನಾಯುಗಳು ಬಿಗಿದು, ಹಿಡಿದುದನ್ನು ಬಿಡಲಾಗದ ಸ್ಥಿತಿ ಬರುತ್ತದೆ. ಮೂವತ್ತನ್ನು ದಾಟಿದ ಮೇಲೆ ಹೃದಯದ ಲಯಕ್ಕೇ ಅಪಾಯ. ಒಂಬತ್ತು ವಾಟಿನ ಸಣ್ಣ ಎಲ್‌ಇಡಿ ದೀಪವೊಂದು ನಲವತ್ತರಷ್ಟನ್ನು ಎಳೆಯುತ್ತದೆ. ಒಂದು ದೀಪ ಉರಿಯಲು ಬೇಕಾದುದಕ್ಕಿಂತ ಕಡಿಮೆ ವಿದ್ಯುತ್ತು ಒಂದು ಜೀವ ಆರಲು ಸಾಕು. ಫ್ಯೂಸಿಗೆ ಅದು ತಿಳಿಯುವುದೂ ಇಲ್ಲ.

ಮನೆಯಲ್ಲಿ ಒಟ್ಟು ಏಳು ಮೂರು ತೂತಿನ ಸಾಕೆಟ್ಟುಗಳಿದ್ದವು. ಐದರಲ್ಲಿ ಮೂರನೆಯ ರಂಧ್ರದ ಹಿಂದೆ ಏನೂ ಇರಲಿಲ್ಲ. ತಿರುಪು ಮೊಳೆ ಹೊಸದಾಗಿ ಹೊಳೆಯುತ್ತಿತ್ತು, ಅದಕ್ಕೆ ಯಾವ ತಂತಿಯೂ ಎಂದೂ ಸೇರಿರಲಿಲ್ಲ. ಉಳಿದೆರಡು, ಅಂದರೆ ಬಚ್ಚಲಿನ ಗೀಸರಿನದು ಮತ್ತು ನೀರಿನ ಪಂಪಿನದು, ಆಮೇಲೆ ಬೇರೆ ಯಾರೋ ಹಾಕಿದ್ದು. ಅವುಗಳಲ್ಲಿ ಎರಡು ಅಂಗುಲದ ತಂತಿಯ ತುಂಡೊಂದನ್ನು ಅರ್ಥಿನ ಮೊಳೆಯಿಂದ ಪಕ್ಕದ ನ್ಯೂಟ್ರಲ್ಲಿನ ಮೊಳೆಗೆ ಬಾಗಿಸಿ ಬಿಗಿದಿತ್ತು. ಅದನ್ನು ಕಂಡಾಗ ಹಿರಿಯರ ಮುಖ ಬದಲಾಯಿತು. "ಖಾಲಿ ಬಿಟ್ಟಿದ್ದೇ ವಾಸಿ ಮೇಷ್ಟ್ರೇ. ಇದು ಬಾಳ ಕೆಟ್ಟದ್ದು."

ಹೇಗೆ ಕೆಟ್ಟದ್ದು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನ್ಯೂಟ್ರಲ್ಲು ವಿದ್ಯುತ್ ಕಂಬದಾಚೆ ಪರಿವರ್ತಕದ ಬಳಿ ನೆಲಕ್ಕೆ ಸೇರಿರುತ್ತದೆ, ಆದ್ದರಿಂದ ಅದೂ ನೆಲವೇ ಎಂಬುದು ಆ ತುಂಡನ್ನು ಬಿಗಿದವರ ತರ್ಕ. ಎಲ್ಲವೂ ಸರಿಯಿರುವವರೆಗೆ ಆ ತರ್ಕ ನಡೆಯುತ್ತದೆ. ಆದರೆ ಅರುವತ್ತು ವರ್ಷದ ಹಳೆಯ ಗಂಟೊಂದರಲ್ಲಿ ನ್ಯೂಟ್ರಲ್ಲು ಸಡಿಲವಾಗಿ ಕಡಿದುಹೋಯಿತೆನ್ನಿ. ಆಗ ಫೇಸಿನಿಂದ ಬಂದ ವಿದ್ಯುತ್ತು ಗೀಸರನ್ನು ಹಾದು, ಮುಂದೆ ಹೋಗಲು ದಾರಿಯಿಲ್ಲದೆ, ಆ ಎರಡಂಗುಲದ ಸೇತುವೆಯ ಮೂಲಕ ಗೀಸರಿನ ಲೋಹದ ಮೈಗೆ, ಅಲ್ಲಿಂದ ನೀರಿಗೆ ಬರುತ್ತದೆ. ಉಪಕರಣ ಕೆಟ್ಟಿರಬೇಕಾಗಿಯೇ ಇಲ್ಲ. ಎಂದೋ ಯಾರೋ ಮೀಟರಿನ ಬಳಿ ಎರಡು ತಂತಿಗಳನ್ನು ಅದಲುಬದಲು ಮಾಡಿದರಂತೂ ಆ ಕ್ಷಣದಿಂದಲೇ ಮೈಯೆಲ್ಲ ಫೇಸು. ರಕ್ಷಣೆಗೆಂದು ಇದ್ದ ರಂಧ್ರವೇ ಸಾವನ್ನು ತರುವ ಕೊಳವೆಯಾಗುತ್ತದೆ.

ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡಿತು. ಸಾಕೆಟ್ಟಿಗೆ ಚುಚ್ಚಿದರೆ ಮೂರು ಸಣ್ಣ ದೀಪಗಳಿಂದ ಜೋಡಣೆ ಸರಿಯೋ ತಪ್ಪೋ ಎಂದು ಹೇಳುವ ಒಂದು ಸಾಧನ ಅವರ ಚೀಲದಲ್ಲಿತ್ತು. ಖಾಲಿ ಬಿಟ್ಟ ಸಾಕೆಟ್ಟುಗಳಲ್ಲಿ ಅದು 'ಅರ್ಥ್ ಇಲ್ಲ' ಎಂದು ತೋರಿಸಿತು. ಸೇತುವೆ ಹಾಕಿದವುಗಳಲ್ಲಿ 'ಎಲ್ಲವೂ ಸರಿ' ಎಂದು ತೋರಿಸಿತು. ಅದರ ದೀಪಗಳಿಗೆ ನಿಜವಾದ ನೆಲವನ್ನೂ ಬಾಗಿಸಿ ಬಿಗಿದ ನ್ಯೂಟ್ರಲ್ಲನ್ನೂ ಬೇರ್ಪಡಿಸಲಾಗದು. ಮುಚ್ಚಳ ಬಿಚ್ಚಿ ಕಣ್ಣಿಂದ ನೋಡಿದವರಿಗೆ ಮಾತ್ರ ಮೋಸ ತಿಳಿಯುತ್ತದೆ.

ಇಲ್ಲಿ ನನ್ನ ವೃತ್ತಿ ನನ್ನನ್ನು ಹಿಡಿದು ನಿಲ್ಲಿಸಿತು. ಗ್ರಂಥಸಂಪಾದನೆ ಮಾಡುವವರಿಗೆ ಈ ಮೂರು ಸ್ಥಿತಿಗಳೂ ಪರಿಚಿತ. ಓಲೆಗರಿಯ ಅಂಚು ಮುರಿದು ನಾಲ್ಕು ಅಕ್ಷರ ಹೋಗಿದೆ. ಪ್ರಾಮಾಣಿಕ ಸಂಪಾದಕ ಅಲ್ಲಿ ಚುಕ್ಕೆಗಳನ್ನಿಟ್ಟು ಗ್ರಂಥಪಾತವೆಂದು ಸೂಚಿಸುತ್ತಾನೆ. ಬಿ.ಎಲ್. ರೈಸ್ ಅವರು ನಮ್ಮ ಶಿವಮೊಗ್ಗ, ಶಿಕಾರಿಪುರದ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕ'ದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದ್ದು 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ಹರಿದ ವರ್ಷದಲ್ಲಿಯೇ. ಕಲ್ಲು ಸವೆದು ಅಕ್ಷರ ಅಳಿದೆಡೆ ಅಚ್ಚಿನಲ್ಲಿ ಚುಕ್ಕೆಗಳ ಸಾಲು ಬರುತ್ತದೆ. ಓದುವಾಗ ಅದು ಅಡ್ಡಿಯೆನಿಸುತ್ತದೆ, ಆದರೆ ಆ ಚುಕ್ಕೆ 'ಇಲ್ಲಿ ನೆಲವಿಲ್ಲ, ಕಾಲಿಡಬೇಡ' ಎಂದು ಹೇಳುತ್ತದೆ. ತಂದೆ ಹಾಕಿಸಿದ ಎರಡು ತೂತಿನ ಪ್ಲಗ್ಗು ಅಂತಹ ಚುಕ್ಕೆ. ಹಿಂದೆ ಎರಡೇ ತಂತಿಯಿತ್ತು, ಮುಂದೆ ಎರಡೇ ತೂತನ್ನು ತೋರಿಸಿತು. ಮೂರು ಕಡ್ಡಿಯ ಉಪಕರಣವನ್ನು ಅದು ಒಳಗೆ ಬಿಟ್ಟುಕೊಳ್ಳುತ್ತಲೇ ಇರಲಿಲ್ಲ.

ಎರಡನೆಯ ಬಗೆಯ ಸಂಪಾದಕ ಆ ಚುಕ್ಕೆಗಳನ್ನು ಅಳಿಸಿ ಪುಟವನ್ನು ಅಂದಗೊಳಿಸುತ್ತಾನೆ. ಹೋದ ಅಕ್ಷರದ ಜಾಗದಲ್ಲಿ ತನಗೆ ತೋರಿದ್ದನ್ನು ಸೇರಿಸಿ, ಅದು ಊಹಾಪಾಠವೆಂದು ಅಡಿಟಿಪ್ಪಣಿಯಲ್ಲಿ ಹೇಳುವುದಿಲ್ಲ. ನಾನು ಹನ್ನೆರಡು ವರ್ಷಗಳ ಹಿಂದೆ ಮಾಡಿಸಿದ ಕೆಲಸ ಅದು. ಮೂರು ತೂತಿನ ಸಾಕೆಟ್ಟು ಬರಿಯ ವಸ್ತುವಲ್ಲ, ಒಂದು ಹೇಳಿಕೆ. 'ನನ್ನ ಹಿಂದೆ ನೆಲದವರೆಗೆ ಒಂದು ತಂತಿಯಿದೆ' ಎಂದು ಅದು ಮನೆಗೆ ಬಂದವರಿಗೆಲ್ಲ ಹೇಳುತ್ತದೆ. ಅದನ್ನು ನಂಬಿ ಅಮ್ಮ ಫ್ರಿಜ್ಜನ್ನು ಬಳಸಿದಳು, ಮಗು ಬಾಗಿಲಿಗೆ ಕೈಹಾಕಿತು.

ಮೂರನೆಯವನು ಎಲ್ಲರಿಗಿಂತ ಅಪಾಯಕಾರಿ. ಅವನಿಗೆ ಛಂದಸ್ಸು ಚೆನ್ನಾಗಿ ಬರುತ್ತದೆ. ಅವನು ಸೇರಿಸಿದ ಪ್ರಕ್ಷಿಪ್ತ ಪದ್ಯದಲ್ಲಿ ಗಣ ತಪ್ಪುವುದಿಲ್ಲ, ಪ್ರಾಸ ತಪ್ಪುವುದಿಲ್ಲ. ನಾವು ಸಾಮಾನ್ಯವಾಗಿ ಬಳಸುವ ಪರೀಕ್ಷೆಗಳಲ್ಲೆಲ್ಲ ಅದು ತೇರ್ಗಡೆಯಾಗುತ್ತದೆ. ಬೇರೆ ಪ್ರತಿಗಳನ್ನು ತೆರೆದು ತಾಳೆ ನೋಡಿದಾಗ ಮಾತ್ರ ಸಿಕ್ಕಿಬೀಳುತ್ತದೆ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಇಟ್ಟುಕೊಂಡು ಈ ಭೇದಗಳನ್ನು ವರ್ಷವರ್ಷವೂ ತರಗತಿಯಲ್ಲಿ ಬೋಧಿಸಿದವನು ನಾನು. ಗೋಡೆಯ ಮೇಲೆ ಅವು ನನಗೆ ಕಾಣಲಿಲ್ಲ.

ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು, ಏಕೆಂದರೆ ಅದು ಪೂರ್ಣವಲ್ಲ. ತಪ್ಪು ಪಾಠವನ್ನು ಮುಂದಿನ ಆವೃತ್ತಿಯಲ್ಲಿ ತಿದ್ದಬಹುದು. ಒದ್ದೆ ನೆಲದ ಮೇಲೆ ನಿಂತವರಿಗೆ ಮುಂದಿನ ಆವೃತ್ತಿಯಿಲ್ಲ.

ಮಾಡಬೇಕಾದುದೇನೆಂಬ ಪ್ರಶ್ನೆಗೆ ಹಿರಿಯರು ಮೂರು ದಾರಿ ಹೇಳಿದರು. ಮೊದಲನೆಯದು, ಮತ್ತೆ ಎರಡು ತೂತಿನ ಸಾಕೆಟ್ಟುಗಳನ್ನೇ ಹಾಕುವುದು. ಪ್ರಾಮಾಣಿಕ, ಆದರೆ ಫ್ರಿಜ್ಜು ಗೀಸರುಗಳನ್ನು ಬಿಡಬೇಕು. ಎರಡನೆಯದು, ಮೀಟರಿನ ಪಕ್ಕದಲ್ಲಿ ಆರ್‌ಸಿಸಿಬಿ ಎಂಬ ರಕ್ಷಕವನ್ನು ಕೂರಿಸುವುದು. ಅದು ಹೋಗುವ ವಿದ್ಯುತ್ತನ್ನೂ ಹಿಂದಿರುಗುವ ವಿದ್ಯುತ್ತನ್ನೂ ಸದಾ ತೂಗುತ್ತಿರುತ್ತದೆ. ಹೋದದ್ದಕ್ಕಿಂತ ಬಂದದ್ದು ಮೂವತ್ತು ಮಿಲಿಆಂಪಿಯರಿನಷ್ಟು ಕಡಿಮೆಯಾದರೆ, ಅದು ಎಲ್ಲೋ ಯಾರದೋ ಮೈಯ ಮೂಲಕ ಸೋರುತ್ತಿರಬಹುದೆಂದು ಭಾವಿಸಿ, ಒಂದು ಸೆಕೆಂಡಿನ ಮೂರನೆಯ ಒಂದು ಭಾಗವೂ ಆಗುವ ಮೊದಲು ಸಂಪರ್ಕ ಕಡಿಯುತ್ತದೆ. ಇದಕ್ಕೆ ಅರ್ಥ್ ತಂತಿ ಇರಲೇಬೇಕೆಂದಿಲ್ಲ. ಶಾಕ್ ಹೊಡೆಯುವುದನ್ನು ಅದು ತಡೆಯುವುದಿಲ್ಲ, ಅದು ಸಾವಾಗುವುದನ್ನು ತಡೆಯಲು ಯತ್ನಿಸುತ್ತದೆ. ಮೂರನೆಯದು, ಹೊಸ ತಂತಿಗಳನ್ನೇ ಎಳೆದು, ಹಿತ್ತಿಲಲ್ಲಿ ಅರ್ಥ್ ಗುಂಡಿ ತೋಡುವುದು. ಎರಡು ಮತ್ತು ಮೂರನ್ನು ಒಟ್ಟಿಗೇ ಮಾಡಬೇಕೆಂಬುದು ಅವರ ಅಭಿಪ್ರಾಯ. ನಲ್ಲಿಯ ಕೊಳವೆಗೆ ತಂತಿ ಸುತ್ತುವ ಹಳೆಯ ಪದ್ಧತಿಯನ್ನು ನಾನು ಕೇಳಿದಾಗ ಕೈಯಾಡಿಸಿಬಿಟ್ಟರು. ಕಬ್ಬಿಣದ ಕೊಳವೆಗಳು ಹೋಗಿ ಪಿವಿಸಿ ಬಂದ ಮೇಲೆ ಆ ತಂತಿ ನೆಲವನ್ನು ಸೇರುವುದಿಲ್ಲ, ಬಚ್ಚಲಿನ ನಲ್ಲಿಯನ್ನು ಮಾತ್ರ ಸೇರುತ್ತದೆ.

ಆ ವಾರವೇ ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿಯಲ್ಲಿ ಮಾತನಾಡುತ್ತ ತಮ್ಮ ಹಳೆಯ ಮನೆಯಲ್ಲೂ ಇದೇ ಸಮಸ್ಯೆಯಿದ್ದುದನ್ನು ಹೇಳಿದರು. ಅಲ್ಲಿನ ವಿದ್ಯುತ್ ಸಂಹಿತೆಯಲ್ಲಿ ಒಂದು ನಿಯಮವಿದೆ. ಅರ್ಥ್ ಇಲ್ಲದ ಮನೆಯಲ್ಲಿ ಇಂತಹ ರಕ್ಷಕವನ್ನಿಟ್ಟು ಮೂರು ತೂತಿನ ಸಾಕೆಟ್ಟನ್ನು ಹಾಕಬಹುದು, ಆದರೆ ಆ ಸಾಕೆಟ್ಟಿನ ಮೇಲೆ ಉಪಕರಣಕ್ಕೆ ಭೂಸಂಪರ್ಕವಿಲ್ಲವೆಂದು ಚೀಟಿ ಅಂಟಿಸಬೇಕು. ಅಡಿಟಿಪ್ಪಣಿಯನ್ನು ಕಾನೂನೇ ಕಡ್ಡಾಯಗೊಳಿಸಿದ ಬೇರೊಂದು ಸಂದರ್ಭ ನನಗೆ ನೆನಪಾಗದು. ಸ್ಥಳಾಭಾವದಿಂದಲೋ ಹಣದ ಅಭಾವದಿಂದಲೋ ನೆಲವನ್ನು ತಲುಪಲಾಗದಿದ್ದರೆ, ತಲುಪಿಲ್ಲವೆಂದು ಬರೆ; ಅಷ್ಟೇ ಅದರ ತಾತ್ಪರ್ಯ.

ನಾವೂ ಅಲ್ಲಿಂದಲೇ ಆರಂಭಿಸಿದೆವು. ಅದೇ ದಿನ ಎರಡು ಸೇತುವೆಗಳನ್ನು ಕಿತ್ತೆಸೆದು, ಏಳೂ ಸಾಕೆಟ್ಟುಗಳ ಮೇಲೆ ಕೆಂಪು ಬಣ್ಣದ ಒಂದೊಂದು ಚುಕ್ಕೆ ಇಟ್ಟೆವು. ಸಂಜೆ ಆರ್‌ಸಿಸಿಬಿ ಬಂತು. ಅದನ್ನು ಮೇಲಕ್ಕೆತ್ತಿದರೆ ನಿಲ್ಲಲಿಲ್ಲ. ಎತ್ತಿದಷ್ಟು ಸಲ ಟಕ್ಕೆಂದು ಬಿದ್ದಿತು. ನಾನು ಸಾಧನವೇ ಕೆಟ್ಟಿರಬೇಕೆಂದೆ. ಹಿರಿಯರು, "ಅದು ಸರಿಯಾಗೇ ಓದ್ತಾ ಇದೆ, ಮನೆ ಸರಿ ಇಲ್ಲ" ಎಂದರು. ಮನೆಯ ಭಾಗಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡಿದಾಗ ಸಿಕ್ಕಿದ್ದು ಅಟ್ಟದ ಕೆಳಗಿನ ತಂತಿ. ಹೆಂಚಿನ ಸಂದಿಯಿಂದ ನೀರು ಇಳಿಯುವ ಕಡೆ ರಬ್ಬರಿನ ಹೊದಿಕೆ ಒಣಗಿ ಪುಡಿಯಾಗಿ, ತೇಗದ ಪಟ್ಟಿಯೂ ಹಸಿಯಾಗಿ, ವಿದ್ಯುತ್ತು ಸದ್ದಿಲ್ಲದೆ ಗೋಡೆಗೆ ಸೋರುತ್ತಿತ್ತು. ಆ ಭಾಗವನ್ನು ಕಡಿದ ಮೇಲೆ ರಕ್ಷಕ ನಿಂತಿತು. ಆ ರಾತ್ರಿ ನಡುಮನೆಯಲ್ಲಿ ದೀಪವಿರಲಿಲ್ಲ.

ಹೊಸ ತಂತಿಯ ಕೆಲಸ ಮಳೆ ಕಡಿಮೆಯಾದ ಮೇಲೆ ಮೂರು ವಾರ ನಡೆಯಿತು. ತೇಗದ ಪಟ್ಟಿಗಳನ್ನು ಬಿಚ್ಚಿದ ಕಡೆಯಲ್ಲೆಲ್ಲ ಅರುವತ್ತು ವರ್ಷದ ಹಿಂದಿನ ಸುಣ್ಣದ ಬಣ್ಣ ಕಾಣಿಸಿತು. ಪಿವಿಸಿ ಕೊಳವೆಗಳಲ್ಲಿ ಕೆಂಪು, ಕಪ್ಪು, ಹಸಿರು ಮೂರು ತಂತಿಗಳು ಓಡಿದವು. ಹಿತ್ತಿಲಲ್ಲಿ, ಗೋಡೆಯಿಂದ ಆರಡಿ ದೂರದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸುಮಾರು ಒಂಬತ್ತು ಅಡಿ ಆಳದ ಗುಂಡಿ ತೋಡಿದರು. ಅಲ್ಲಿನ ನೆಲ ಸದಾ ಹಸಿಯಾಗಿರುತ್ತದೆ. ನಮ್ಮ ಕಡೆಯ ಕೆಂಪು ಮಣ್ಣು ಬೇಸಿಗೆಯಲ್ಲಿ ಒಣಗಿದರೆ ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ತೂತುಗಳಿರುವ ಸತುವಿನ ಲೇಪದ ಕಬ್ಬಿಣದ ಕೊಳವೆಯನ್ನು ನೆಟ್ಟು, ಸುತ್ತಲೂ ಇದ್ದಿಲು ಮತ್ತು ಉಪ್ಪನ್ನು ಪದರಪದರವಾಗಿ ತುಂಬಿ, ಮೇಲೆ ಇಟ್ಟಿಗೆಯ ಸಣ್ಣ ತೊಟ್ಟಿ ಕಟ್ಟಿದರು. ಬೇಸಿಗೆಯಲ್ಲಿ ವಾರಕ್ಕೊಂದು ಸಲ ಕೊಡ ನೀರು ಹಾಕಬೇಕು. ಇದ್ದಿಲು, ಉಪ್ಪು, ನೀರು ಎಂದಾಗ ಅಮ್ಮ, "ಇದೇನು, ಗುದ್ದಲಿಪೂಜೆಯೋ?" ಎಂದಳು.

ಕೊನೆಗೆ ನೆಲದ ತಡೆಯನ್ನು ಅಳೆದಾಗ ಎಂಟು ಓಮ್ ಬಂತು. ಒಳ್ಳೆಯದೇ, ಆದರೆ ಅದೊಂದೇ ಸಾಲದು ಎಂದು ಹಿರಿಯರು ಲೆಕ್ಕ ಹಾಕಿ ತೋರಿಸಿದರು. 230 ವೋಲ್ಟನ್ನು ಎಂಟರಿಂದ ಭಾಗಿಸಿದರೆ ಸುಮಾರು 29 ಆಂಪಿಯರು. ಹದಿನಾರು ಆಂಪಿಯರಿನ ಸ್ವಯಂಚಾಲಿತ ಸ್ವಿಚ್ಚು ಅಷ್ಟಕ್ಕೆ ಕೂಡಲೇ ಬೀಳುವುದಿಲ್ಲ, ನಿಮಿಷವೂ ಹಿಡಿಯಬಹುದು. ಆರ್‌ಸಿಸಿಬಿ ಕ್ಷಣದಲ್ಲಿ ಬೀಳುತ್ತದೆ. ನೆಲದ ದಾರಿಯೂ ಬೇಕು, ಆ ದಾರಿಯಲ್ಲಿ ಹೋದುದನ್ನು ಗಮನಿಸುವ ಕಣ್ಣೂ ಬೇಕು.

ಒಂದೊಂದು ಸಾಕೆಟ್ಟಿಗೆ ಹಸಿರು ತಂತಿ ಸೇರಿ, ಅಳತೆಯಾದ ಮೇಲೆ, ಅದರ ಕೆಂಪು ಚುಕ್ಕೆಯನ್ನು ನಾನೇ ಒರೆಸಿದೆ. ಆರು ಚುಕ್ಕೆಗಳು ಹೋದವು. ಏಳನೆಯದು ದೇವರ ಕೋಣೆಯ ಪಕ್ಕದ್ದು. ಅಲ್ಲಿ ಗೋಡೆ ಮಣ್ಣಿನದು. ಕೊರೆದರೆ ಕುಸಿಯುವ ಭಯ. ಅದಕ್ಕೆ ತಂದೆಯ ಕಾಲದ ಎರಡು ತೂತಿನ ಸಾಕೆಟ್ಟನ್ನು ಹೋಲುವ ಹೊಸದೊಂದನ್ನು ಹುಡುಕಿ ತಂದು ಹಾಕಿಸಿದೆವು. ಅದು ಈಗ ಒಂದು ಸಣ್ಣ ದೀಪಕ್ಕೆ ಮಾತ್ರ.

ಓಲೆಗರಿಯ ಲಿಪಿಕಾರರು ಪ್ರತಿಯನ್ನು ಮುಗಿಸಿದಾಗ ಕಡೆಯ ಗರಿಯಲ್ಲಿ ತಿಥಿ ವಾರಗಳನ್ನು ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಓದುವವರನ್ನು ಬೇಡಿಕೊಳ್ಳುವುದು ವಾಡಿಕೆ. ಮೀಟರಿನ ಪೆಟ್ಟಿಗೆಯ ಬಾಗಿಲ ಒಳಗೆ ನಾನೂ ಒಂದು ಹಾಳೆ ಅಂಟಿಸಿದ್ದೇನೆ. ಕೆಲಸ ನಡೆದ ತಿಂಗಳು, ಯಾವ ಸಾಕೆಟ್ಟಿಗೆ ಅರ್ಥ್ ಇದೆ, ಯಾವುದಕ್ಕಿಲ್ಲ, ಯಾವ ತಂತಿ ಇನ್ನೂ ಹಳೆಯದು, ಗುಂಡಿ ಎಲ್ಲಿದೆ, ಆರ್‌ಸಿಸಿಬಿಯ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಬೇಕೆಂಬುದು ಎಲ್ಲವೂ ಅದರಲ್ಲಿದೆ. ಮುಂದೆ ಈ ಮನೆಯ ಮುಚ್ಚಳ ಬಿಚ್ಚುವವರು ನನ್ನನ್ನು ಬಲ್ಲವರಾಗಿರುವುದಿಲ್ಲ.

ಮೊಮ್ಮಗಳು ದೀಪಾವಳಿಗೆ ಬಂದಾಗ ಫ್ರಿಜ್ಜಿನ ಬಾಗಿಲನ್ನು ನಾನೇ ಬರಿಗಾಲಿನಲ್ಲಿ ನಿಂತು, ಬರಿಗೈಯಲ್ಲಿ ತೆರೆದು ತೋರಿಸಿದೆ. ಅವಳೂ ತೆರೆದಳು. ಅಮ್ಮ ಮಾತ್ರ ಈಗಲೂ ಮಣೆಯ ಮೇಲೆ ನಿಂತು, ಸೆರಗಿನ ತುದಿಯಿಂದಲೇ ತೆರೆಯುತ್ತಾಳೆ. "ಈಗ ಏನೂ ಆಗಲ್ಲಮ್ಮ" ಎಂದೆ. "ಇರಲಿ ಬಿಡೋ, ಅವತ್ತೂ ನೀನು ಹಾಗೇ ಹೇಳಿದ್ದೆ" ಎಂದಳು.